ಗುಳೇದಗುಡ್ಡದ ಬೇಸಿಗೆ: ಎಳೆ, ಕಲ್ಲು, ಪದ

ಸೋಮವಾರ

ಗುಳೇದಗುಡ್ಡದಲ್ಲಿ ಮೇ ತಿಂಗಳ ದಿನ ನಸುಕಿನ ಐದಕ್ಕೇ ಶುರುವಾಗುತ್ತದೆ. ಊರ ಸುತ್ತ ಕೆಂಪು ಮರಳುಗಲ್ಲಿನ ಗುಡ್ಡ. ಹತ್ತು ಗಂಟೆಗೆಲ್ಲ ಆ ಕಲ್ಲು ಕಾದುಬಿಡುತ್ತದೆ, ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಝಳ ಬಿಡುತ್ತಿರುತ್ತದೆ. ಹಾಗಾಗಿ ತಿರುಗಾಟ ಏನಿದ್ದರೂ ಬೆಳಿಗ್ಗೆ ಇಲ್ಲವೇ ಇಳಿಹೊತ್ತಿನಲ್ಲಿ. ನಡುವಿನ ಬಿಸಿಲು ಹೊತ್ತು ಪಡಸಾಲೆಯ ಪಾಲು.

ಬೆಂಗಳೂರಿನಿಂದ ಅಕ್ಕನ ಮಕ್ಕಳು ರಜೆಗೆ ಬಂದಿದ್ದರು. ಮಗಳು ಎಂಟನೆಯ ತರಗತಿ ಮುಗಿಸಿದ್ದಾಳೆ, ಮಗ ಐದನೆಯದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೂ ರಜೆ. ಬೆಳಗಿನ ತಂಪಿನಲ್ಲಿ ಏನಾದರೂ ನೋಡುವುದು, ಮಧ್ಯಾಹ್ನ ಕೈಕೆಲಸ, ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಓದು ಎಂದು ಮೂವರೂ ಕೂಡಿ ಗೊತ್ತು ಮಾಡಿಕೊಂಡೆವು. ಮೊಬೈಲನ್ನು ಆಯಿಯ ಕೈಗೆ ಕೊಟ್ಟುಬಿಡಬೇಕು ಎಂಬ ಕರಾರನ್ನು ಹಾಕಿದ್ದು ನಾನಲ್ಲ, ಹುಡುಗಿಯೇ.

ಮೊದಲ ದಿನ ದೂರ ಹೋಗಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಖಣ, ಅಂದರೆ ರವಿಕೆಯ ಬಟ್ಟೆ, ನೇಯುವ ಕಾಕಾನ ಮನೆಯಿದೆ. ಈ ಊರಿನ ಖಣ ಗೊತ್ತಿಲ್ಲದ ಹೆಣ್ಣುಮಕ್ಕಳು ಉತ್ತರ ಕರ್ನಾಟಕದಲ್ಲಿ ಸಿಗಲಿಕ್ಕಿಲ್ಲ. ಉಡಿ ತುಂಬುವಾಗ, ಬಸುರಿಯ ಕುಬಸದ ಕಾರ್ಯಕ್ಕೆ, ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಬನಶಂಕರಿಗೆ ಹರಕೆ ಒಪ್ಪಿಸುವಾಗ ಖಣ ಬೇಕೇ ಬೇಕು. ಮೂರು ಮೂಲೆ ಮಡಿಸಿ ಇಟ್ಟ ಆ ಬಟ್ಟೆಯ ಅಂಚು, ಹೊಳಪು, ಸಣ್ಣ ಸಣ್ಣ ಬುಟ್ಟಾ ನೋಡಿದರೆ ಸಾಕು, ಯಾವ ಊರಿನದು ಎಂದು ಕೇಳಬೇಕಾಗಿಲ್ಲ.

“ಬರ್ರಿ ಟೀಚರ್ರ, ಒಳಗ ಬರ್ರಿ. ಅಕ್ಕಾರ ಮಕ್ಕಳೇನು?” ಎಂದು ಕಾಕಾ ಮಗ್ಗ ನಿಲ್ಲಿಸದೆಯೇ ಕೇಳಿದರು.

“ಹೂನ್ರಿ ಕಾಕಾ. ಮಗ್ಗ ನೋಡಬೇಕಂತ.”

“ನೋಡ್ಲಿ ನೋಡ್ಲಿ. ತಮ್ಮಾ, ಹುಷಾರಪಾ, ಕುಣಿ ಐತಿ.”

ಕುಣಿ ಮಗ್ಗ ಅದು. ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಗೆ ಇಳಿಬಿಟ್ಟು ತುಳಿಯುತ್ತಾನೆ. ತುಳಿದಾಗ ಹಾಸಿನ, ಅಂದರೆ ಉದ್ದಕ್ಕೆ ಹಾಕಿದ ನೂಲಿನ, ಅರ್ಧ ಎಳೆ ಮೇಲೆ, ಅರ್ಧ ಕೆಳಗೆ. ನಡುವಿನ ಸಂದಿಯಲ್ಲಿ ಲಾಳಿ ಓಡಬೇಕು. ಓಡಿದ ಹೊಕ್ಕನ್ನು, ಆ ಅಡ್ಡ ಎಳೆಯನ್ನು, ಹಣಿಗೆ ಬಂದು ಬಡಿದು ಕೂಡಿಸಬೇಕು. ಕೈ, ಕಾಲು, ಕಣ್ಣು ಮೂರೂ ಒಂದೇ ತಾಳಕ್ಕೆ. ಮೇಲಿನ ಜಕಾರ್ಡಿನ ರಟ್ಟಿನ ತೂತುಗಳು ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಹೇಳುತ್ತವೆ. ಬುಟ್ಟಾ ಮೂಡುವುದು ಹಾಗೆ. ಹುಡುಗ ಬಗ್ಗಿ ಕುಣಿಯೊಳಗೆ ನೋಡಿದ. ಕಾಕಾನ ಹಿಮ್ಮಡಿ ಒಡೆದಿತ್ತು, ಹೆಬ್ಬೆರಳು ಮಾತ್ರ ತುಳಿಯುವ ಹಲಗೆಯ ಮೇಲೆ ಹೂವಿನ ಮೇಲಿಟ್ಟಷ್ಟು ಮೆಲ್ಲಗಿತ್ತು.

ಪಡಸಾಲೆಯಲ್ಲಿ ಕಾಕು ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಕೆಚ್ಚುತ್ತ ಕೂತಿದ್ದರು. ಹಳೆಯ ಎಳೆ ಒಂದು, ಹೊಸ ಎಳೆ ಒಂದು. ಎರಡನ್ನೂ ಬೆರಳಿನ ತುದಿಯಲ್ಲಿ ಹಿಡಿದು, ಒಂದು ಸಲ ಹೊಸೆದು, ಹಿಂದಕ್ಕೆ ಮಲಗಿಸುವುದು. ಗಂಟು ಕಾಣುವುದಿಲ್ಲ, ಎಳೆದರೆ ಬಿಚ್ಚುವುದೂ ಇಲ್ಲ. ಇಂಥ ಎಳೆಗಳು ಒಂದು ಹಾಸಿನಲ್ಲಿ ಸಾವಿರಗಟ್ಟಲೆ. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು, ಎಳೆ ಬಿಡಿಸುವುದು, ಕೆಚ್ಚುವುದು ಎಲ್ಲ ಹೆಣ್ಣುಮಕ್ಕಳ ಕೆಲಸ. ಇಷ್ಟೆಲ್ಲ ಆದ ಮೇಲೆ ಮಗ್ಗದ ಸದ್ದು ಹೊರಡುತ್ತದೆ. ಕೂಲಿಯ ಲೆಕ್ಕ ಬಂದಾಗ ಮಾತ್ರ ಮಗ್ಗಕ್ಕೆ ಮುಂಚಿನ ಈ ಕೆಲಸಗಳಿಗೆ ಬೇರೆ ಬೆಲೆ ಕಟ್ಟುವವರು ಇಲ್ಲ. ನನಗೆ ಇದು ಸರಿ ಎನಿಸಿಲ್ಲ, ಎಂದೂ ಎನಿಸುವುದಿಲ್ಲ.

ಖಣದ ಬುಟ್ಟಾಗಳಿಗೆ ಒಂದೊಂದು ಹೆಸರು: ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ. ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೇಳಿದಳು: “ಅಜ್ಜಾ, ಇದನ್ನ ನೀವು ನೇಯ್ದಿದ್ದು ಅಂತ ಅಂಗಡಿಯಲ್ಲಿ ಹೇಗೆ ಗೊತ್ತಾಗುತ್ತೆ?”

ಕಾಕಾ ಲಾಳಿ ಹಿಡಿದ ಕೈ ನಿಲ್ಲಿಸಿದರು. “ಅಂಗಡ್ಯಾಗ ಯಾಕ ಗೊತ್ತಾಗಬೇಕವ್ವಾ? ಗುಳೇದಗುಡ್ಡದ್ದು ಅಂದ್ರ ಸಾಕಲ್ಲ.”

ಅವಳಿಗೆ ಸಾಕಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ನನಗೂ ಆ ಪ್ರಶ್ನೆ ಆಮೇಲಿನ ಎಲ್ಲ ದಿನವೂ ಬೆನ್ನ ಹಿಂದೆಯೇ ಬಂತು. ಗುಳೇದಗುಡ್ಡ ಖಣಕ್ಕೆ, ಇಳಕಲ್ ಸೀರೆಗೆ, ಕಸೂತಿಗೆ ಜಿಐ (ಭೌಗೋಳಿಕ ಸೂಚಿ) ಗುರುತು ಸಿಕ್ಕಿದೆ. ಊರಿನ ಹೆಸರು ಕಾಯ್ದುಕೊಳ್ಳಲು ಅದು ಬೇಕು. ಮಾಡಿದವರ ಹೆಸರು?

ರಾತ್ರಿ ಜೇಡರ ದಾಸಿಮಯ್ಯನ ವಚನಗಳನ್ನು ಓದಿದೆವು. ದಾಸಿಮಯ್ಯ ನೇಯ್ಗೆ ಕಾಯಕದವನು; ‘ರಾಮನಾಥ’ ಅಂಕಿತದಲ್ಲಿ ನಾಲ್ಕೈದು ಸಾಲಿನಲ್ಲೇ ಮಾತು ಮುಗಿಸುವವನು. ಬೆಳಿಗ್ಗೆ ಮಗ್ಗ ನೋಡಿ ಬಂದ ಮಕ್ಕಳಿಗೆ ‘ವಚನಕಾರರು’ ಎಂದರೆ ಪಠ್ಯಪುಸ್ತಕದ ಗಡ್ಡದ ಚಿತ್ರವಾಗಿ ಉಳಿಯಲಿಲ್ಲ. “ಅವರಿಗೂ ಹಿಮ್ಮಡಿ ಒಡೆದಿತ್ತಾ?” ಎಂದು ಹುಡುಗ ಕೇಳಿದ. ಈ ವಚನಗಳು ಪುಸ್ತಕವಾಗಿ ನಮ್ಮ ಕೈಗೆ ಬಂದ ಕಥೆಯನ್ನೂ ಹೇಳಿದೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಕಟ್ಟುಗಳನ್ನು ಹುಡುಕಿ, ಓದಿ, ಅಚ್ಚು ಹಾಕಿಸಿದರು. 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು. ಅವರು ಆ ಕೆಲಸಕ್ಕೆ ಬೀಳದೆ ಇದ್ದಿದ್ದರೆ ಎಷ್ಟು ವಚನಗಳು ಜಂತಿಯ ಗೆದ್ದಲಿಗೆ ಹೋಗುತ್ತಿದ್ದವೋ.

ಮಂಗಳವಾರ

ಬೆಳಿಗ್ಗೆಯೇ ಮೋಡ. ಮಧ್ಯಾಹ್ನ ಗಾಳಿ ಎದ್ದು ಅಡ್ಡಮಳೆ ಹೊಡೆಯಿತು, ಕರೆಂಟು ಹೋಯಿತು. ಎಲ್ಲಿಗೂ ಹೋಗಲಿಲ್ಲ. ಊಟಕ್ಕೆ ಸೀಕರಣಿ, ಚಪಾತಿ, ಆಮೇಲೆ ಕೌದಿ.

ಕೌದಿ ಹೊಲಿಯುವುದು ನಮ್ಮ ಕಡೆ ಬೇಸಿಗೆಯದೇ ಕೆಲಸ. ಹೊಲದ ಕೆಲಸ ಕಡಿಮೆ, ಹಗಲು ಉದ್ದ, ಮಳೆಗಾಲದ ಚಳಿಗೆ ಹೊದಿಕೆ ಬೇಕು. ಆಯಿ ಟ್ರಂಕಿನಿಂದ ಹಳೆಯ ಇಳಕಲ್ ಸೀರೆ, ಧೋತರದ ತುಂಡು, ಮಕ್ಕಳ ಅಂಗಿ ಎಲ್ಲ ತೆಗೆದು ಹಾಸಿದರು. ಕೆಳಗೆ ಗಟ್ಟಿ ಸೀರೆ, ನಡುವೆ ಹರಕು, ಮೇಲೆ ಬಣ್ಣದ ತುಂಡುಗಳು; ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಸಾದಾ ದಾಟು ಹೊಲಿಗೆ, ಆದರೆ ಅಂತರ ತಪ್ಪಬಾರದು.

ಹೊಲಿಯುತ್ತ ಆಯಿ ಬೀಸುಕಲ್ಲಿನ ಪದ ಎತ್ತಿದರು. ಹಲಸಂಗಿ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ ನಮ್ಮ ಮನೆಯಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ವಿಜಯಪುರ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಅವು. ಹುಡುಗಿ ಪುಸ್ತಕದಲ್ಲಿ ಒಂದು ಪದ ಓದುತ್ತಿದ್ದಂತೆ ಆಯಿ ಮುಂದಿನ ಸಾಲನ್ನು ತಾವೇ ಹೇಳಿದರು. ಒಂದು ಮಾತು ಮಾತ್ರ ಬೇರೆ ಇತ್ತು.

“ಆಯಿ, ಪುಸ್ತಕದಾಗ ಹಿಂಗಿಲ್ಲ,” ಎಂದಳು. ಎರಡೇ ದಿನಕ್ಕೆ ನಾಲಿಗೆ ಈ ಕಡೆ ತಿರುಗಿತ್ತು.

“ಪುಸ್ತಕದವ್ರು ಬ್ಯಾರೆ ಮುದುಕಿ ಕಡೆ ಕೇಳ್ಯಾರ. ನಮ್ಮವ್ವ ಹಿಂಗ ಹಾಡ್ತಿದ್ಲು.”

ತವರು, ಅಣ್ಣ, ತೊಟ್ಟಿಲು, ಬೀಸುವ ಕಲ್ಲು. ಮೂರೇ ಸಾಲಿನಲ್ಲಿ ಒಂದು ಬದುಕು. ಕಟ್ಟಿದವಳು ಯಾರೆಂದು ಯಾವ ಪದದಲ್ಲೂ ಇಲ್ಲ.

ಬುಧವಾರ

ಬಾದಾಮಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಬೇಕು. ಮೆಟ್ಟಿಲು ಬಿಸಿಯಾಗುವ ಮುಂಚೆ ಮೇಲಿನ ಗುಹೆ ನೋಡಿಬಿಟ್ಟರೆ ಆಮೇಲೆ ಆರಾಮ. ತಿಂಡಿಯ ಚೀಲ ಕಾಣುವಂತೆ ಹಿಡಿದುಕೊಂಡರೆ ಮಂಗಗಳು ಬಿಡುವುದಿಲ್ಲ.

ಮೊದಲ ಗುಹೆಯ ಹೊರಗೇ ಹದಿನೆಂಟು ಕೈಯ ನಟರಾಜ. ಎಲ್ಲರೂ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನಾವು ಅಲ್ಲಿಯೇ ಕೂತೆವು. ಹುಡುಗ ಎಡಗಡೆಯ ಒಂದು ಕೈ, ಬಲಗಡೆಯ ಒಂದು ಕೈ ಕೂಡಿಸಿ ಒಂದೊಂದು ಭಂಗಿ ನಿಂತು ನೋಡಿದ. ಒಂಬತ್ತು ಕೈಗೆ ಒಂಬತ್ತು ಕೈ ಕೂಡಿಸಿದರೆ ಎಂಬತ್ತೊಂದು ಆಗುತ್ತದೆ ಎಂದು ಅವನೇ ಲೆಕ್ಕ ಹಾಕಿದ. ಗೈಡುಗಳು ಹೇಳುವ ಲೆಕ್ಕವೂ ಅದೇ.

ಮೂರನೆಯ ಗುಹೆ ನನ್ನ ಮನಸ್ಸಿನ ಜಾಗ. ಚಾಲುಕ್ಯ ಮಂಗಳೇಶ ಅಣ್ಣ ಕೀರ್ತಿವರ್ಮನ ಕಾಲದಲ್ಲಿ ಇದನ್ನು ಕೊರೆಸಿದ; ಇಲ್ಲಿನ ಶಾಸನದಲ್ಲಿ ಶಕ 500 ಎಂಬ ಕಾಲ ಸ್ಪಷ್ಟವಾಗಿದೆ, ಅಂದರೆ ಕ್ರಿ.ಶ. 578. ಹೆಡೆಯ ನೆರಳಿನಲ್ಲಿ ಅನಂತನ ಮೇಲೆ ಕೂತ ವಿಷ್ಣು, ಒಂದು ಕಾಲೆತ್ತಿದ ತ್ರಿವಿಕ್ರಮ, ಗೋಡೆಯಿಂದ ಹೊರಗೆ ಬರುತ್ತಾನೆನಿಸುವ ನರಸಿಂಹ. ತಲೆ ಎತ್ತಿದರೆ ಚಾವಣಿಯ ಬಳಿ ಹಳೆಯ ಬಣ್ಣದ ಚಿತ್ರದ ಚೂರುಗಳು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದು ತೋಳು, ಒಂದು ಮುಖದ ಅಂಚು ಕಾಣುತ್ತದೆ. ಕಂಬದ ಮೇಲಿನ ಪದಕಗಳ ಸುತ್ತ ಬಳ್ಳಿ, ಮುತ್ತಿನ ಸಾಲು. “ಖಣದ ಬುಟ್ಟಾ ಇದ್ದಂಗೈತಿ,” ಎಂದು ಹುಡುಗಿ ಹತ್ತಿರ ಹೋಗಿ ನೋಡಿದಳು. ಹಾಗೆ ಹತ್ತಿರದಿಂದ ನೋಡಲಿ ಎಂದೇ ಸೋಮವಾರ ಮಗ್ಗಕ್ಕೆ ಕರೆದುಕೊಂಡು ಹೋಗಿದ್ದು.

ಈ ಗುಹೆಗೆ ಕನ್ನಡದಲ್ಲೂ ಒಂದು ದತ್ತಿ ಶಾಸನವಿದೆ. ಗುಹೆಯನ್ನು ಅದು ‘ಕಲ್ಮನೆ’ ಎನ್ನುತ್ತದೆ. ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟ ವಿಷಯ ಹೇಳುವಾಗ ದೇವರಿಗೆ ಹೂಮಾಲೆ ಕಟ್ಟುವವರ ಪಾಲನ್ನೂ ಹೇಳುತ್ತದೆ. ಅರಸನ ಹೆಸರಿನ ಜೊತೆಗೆ ಮಾಲೆಗಾರರೂ ಕಲ್ಲಿಗೆ ಏರಿದ್ದಾರೆ ಎಂದಾಗ ಹುಡುಗಿಯ ನೋಟ್‌ಬುಕ್ಕು ಹೊರಬಂತು.

ಕೆಳಗಿಳಿದು ಅಗಸ್ತ್ಯ ತೀರ್ಥದ ದಂಡೆ ಹಿಡಿದು ಆಚೆ ಬದಿಗೆ ನಡೆದೆವು. ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. 700ರದು. ಎತ್ತರದಲ್ಲಿರುವ ಅಕ್ಷರಗಳನ್ನು ಎಲ್ಲರೂ ಕೂಡಿಸಿ ಓದಲಾಗುವುದಿಲ್ಲ. ಪಾಠವನ್ನು ನಾನು ಬರೆದುಕೊಂಡು ಹೋಗಿದ್ದೆ. ನೆರಳಿನಲ್ಲಿ ನಿಂತು ಗಟ್ಟಿಯಾಗಿ ಓದಿದೆವು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾದವರಿಗೆ ಸವಿ, ಕಾಡಲು ಬಂದವನಿಗೆ ಕಲಿಯುಗದ ವಿಪರೀತ ಪುರುಷ. ಇವನು ಮಾಧವನೇ ಹೊರತು ಬೇರೆಯವನಲ್ಲ. ಹುಡುಗ ಎರಡನೆಯ ಸಲ ಓದುವಾಗ ಆಯಿಯ ಧಾಟಿಗೆ ಕೂಡಿಸಿ ಹಾಡಲು ನೋಡಿದ. ಕೂಡಿತು! ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಕೂಡಿತು. ನಿನ್ನೆ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೇಳಿದ ತ್ರಿಪದಿಯೂ ಸಾವಿರದ ಮುನ್ನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದ ತ್ರಿಪದಿಯೂ ಒಂದೇ ಮನೆತನದವು ಎಂದು ಮಕ್ಕಳಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

“ಇದನ್ನ ಬರೆದವರು ಯಾರು?” ಹುಡುಗಿ ಕೇಳಿದಳು.

ಹೊಗಳಿಸಿಕೊಂಡವನ ಹೆಸರಿದೆ. ಕವಿಯ ಹೆಸರಿಲ್ಲ.

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋದೆವು, ಬಾದಾಮಿಯಿಂದ ಐದು ಕಿಲೋಮೀಟರ್. ಗುಡಿಯ ಆವರಣದಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತರುತ್ತಾರೆ: ಖಡಕ್ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರದ ಚಟ್ನಿ, ಗಡಿಗೆಯ ಮೊಸರು. ಹರಿದ್ರಾ ತೀರ್ಥದ ಸುತ್ತಿನ ಕಲ್ಲಿನ ಪಡಸಾಲೆಯ ನೆರಳು ಆ ಬಿಸಿಲಿನಲ್ಲಿ ತವರಿನಂತಿತ್ತು. ಅಲ್ಲೇ ಅರ್ಧ ತಾಸು ಮಲಗಿ ಎದ್ದೆವು.

ಗುರುವಾರ

ಇಡೀ ದಿನ ಕಸೂತಿ. ಎದುರು ಮನೆಯ ಅಕ್ಕಾವ್ರು ಕಲಿಸಲು ಒಪ್ಪಿದ್ದರು. ಮೊದಲ ಮಾತೇ ಇದು: “ಪೆನ್ಸಿಲ್ ಒಳಗಿಡ್ರಿ. ಕಸೂತಿಗೆ ಗೆರಿ ಹಾಕೂದಿಲ್ಲ. ಎಳಿ ಎಣಿಸೂದು.”

ಕಲಿಯುವವರಿಗೆ ಮ್ಯಾಟಿ ಬಟ್ಟೆ ಒಳ್ಳೆಯದು, ಎಳೆ ದಪ್ಪ, ಎಣಿಸಲು ಸುಲಭ. ಗವಂತಿ ಹೊಲಿಗೆಯಲ್ಲಿ ಸೂಜಿ ಸಮ ಎಳೆ ಬಿಟ್ಟು ಸಮ ಎಳೆ ಹಿಡಿಯುತ್ತ ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ತಿರುಗಿ ಬರುವಾಗ ತುಂಬುತ್ತದೆ. ಹೊರಟಲ್ಲಿಗೇ ಬಂದು ಮುಟ್ಟಬೇಕು. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಬೇಕು. ಮುಗಿದ ಮೇಲೆ ಬಟ್ಟೆ ತಿರುವಿ ಹಾಕಿದರೆ ಹಿಂದೂ ಮುಂದೂ ಒಂದೇ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹತ್ತುತ್ತದೆ. ನೇಯ್ಗಿ ಹೊಲಿಗೆ ನೇಯ್ದ ಬಟ್ಟೆಯ ಹಾಗೆಯೇ ಕಾಣುತ್ತದೆ. ಮೆಂತೆ ಅಡ್ಡಡ್ಡ ಹೊಲಿಗೆ, ತುಂಬಲು ಬಳಸುತ್ತಾರೆ.

ಕಷ್ಟ ಎಲ್ಲಿದೆ ಎಂದರೆ ದಾರಿಯಲ್ಲಿ. ಒಂದು ಗೋಪುರದ ಚಿತ್ರ ಹೊಲಿಯಬೇಕಾದರೆ ಸೂಜಿ ಯಾವ ಕೊಂಬೆಗೆ ಮೊದಲು ಹೋಗಿ, ಎಲ್ಲಿ ತಿರುಗಿ, ಯಾವುದನ್ನು ಬರುವಾಗ ಮುಗಿಸಬೇಕು ಎಂದು ಮೊದಲೇ ಮನಸ್ಸಿನಲ್ಲಿ ನಡೆದು ನೋಡಬೇಕು. ಒಂದು ಎಳೆ ಹೆಚ್ಚು ಹಿಡಿದರೂ ಗೋಪುರ ಮುಂದೆ ಎಲ್ಲೋ ವಾಲುತ್ತದೆ, ಬಿಚ್ಚುತ್ತ ಬಿಚ್ಚುತ್ತ ಆ ಜಾಗಕ್ಕೇ ವಾಪಸು ಬರಬೇಕು. ಇದು ಗಣಿತ, ನೆನಪು, ತಾಳ್ಮೆ ಮೂರೂ ಕೂಡಿದ ವಿದ್ಯೆ. ಇದನ್ನು ‘ಹೆಂಗಸರು ಬಿಡುವಿನಲ್ಲಿ ಮಾಡುವುದು’ ಎಂದು ಹಗುರ ಮಾಡಿ ಹೇಳುವವರು ಒಂದು ಅಂಗೈಯಗಲ ಹೊಲಿದು ನೋಡಲಿ.

ಹುಡುಗನೂ ಕೂತ. ಗಂಡುಹುಡುಗ ಎಂದು ಯಾರೂ ಏನೂ ಅನ್ನಲಿಲ್ಲ, ಅನ್ನಲು ನಾನು ಬಿಡುತ್ತಲೂ ಇರಲಿಲ್ಲ. ಸಂಜೆಯ ಹೊತ್ತಿಗೆ ಅವನ ಬಟ್ಟೆಯ ಮೇಲೆ ಒಂದು ತುಳಸಿಕಟ್ಟೆ ನಿಂತಿತ್ತು. ಅವನ ಅಕ್ಕ ಗೋಪುರದ ಅರ್ಧಕ್ಕೆ ಬಂದಿದ್ದಳು.

ಆಗ ಆಯಿ ತಮ್ಮ ಚಂದ್ರಕಾಳಿ ತಂದರು. ಕಪ್ಪು ಸೀರೆ, ಮದುವೆಯಲ್ಲಿ ಬಂದದ್ದು. ಒಡಲ ತುಂಬ ಸಣ್ಣ ನಕ್ಷತ್ರ; ಸೆರಗಿನ ಹತ್ತಿರ ತೇರು, ಅಂಬಾರಿ ಹೊತ್ತ ಆನೆ, ತೊಟ್ಟಿಲು, ನವಿಲು. ಮಕ್ಕಳು ಮೊದಲು ಮಾಡಿದ್ದು ಸೀರೆಯ ಹಿಂಬದಿ ತಿರುವಿ ನೋಡಿದ್ದು. ಹಿಂದೂ ಮುಂದೂ ಒಂದೇ! ಆಯಿಯ ಸೋದರತ್ತೆ ಹೊಲಿದದ್ದಂತೆ. “ಆಕಿ ಹೆಸರೇನು ಆಯಿ?” ಎಂದು ಹುಡುಗಿ ಕೇಳಿ ಬರೆದುಕೊಂಡಳು. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳಿ ಬಹಳ ಕಾಲವಾಗಿತ್ತು.

ಶುಕ್ರವಾರ

ಪಟ್ಟದಕಲ್ಲು. ಬಾದಾಮಿಯಿಂದ 22 ಕಿಲೋಮೀಟರ್, ಮಲಪ್ರಭೆಯ ದಂಡೆ. 1987ರಿಂದ ಇದು ಯುನೆಸ್ಕೋ ವಿಶ್ವಪರಂಪರೆಯ ತಾಣ. ಉತ್ತರದ ರೇಖಾನಾಗರ ಶಿಖರ, ದಕ್ಷಿಣದ ವಿಮಾನ ಅಕ್ಕಪಕ್ಕದಲ್ಲೇ ನಿಂತಿವೆ ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಅದನ್ನು ಮತ್ತೆ ಹೇಳುವುದಿಲ್ಲ. ನಾವು ಹೋದದ್ದು ಹೆಸರು ಹುಡುಕಿಕೊಂಡು.

ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ, ಎಂಟನೆಯ ಶತಮಾನದ ನಡುಭಾಗದಲ್ಲಿ. ಗುಡಿ ಕಟ್ಟಿದವನು ಗುಂಡ. ಅನಿವಾರಿತಾಚಾರಿ ಎಂಬುದು ಅವನ ಹೆಸರಿನ ಜೊತೆಗಿದೆ, ತ್ರಿಭುವನಾಚಾರ್ಯ ಎಂಬ ಬಿರುದೂ ಇದೆ. ಅವನಿಗೆ ರಾಣಿ ಮಾಡಿದ ಗೌರವವನ್ನು ಶಾಸನ ಬಾಯ್ತುಂಬ ಹೇಳುತ್ತದೆ. ಇನ್ನೊಂದು ಬರಹದಲ್ಲಿ ಸರ್ವಸಿದ್ಧಿ ಆಚಾರಿ, ತೆಂಕಣ ದಿಶೆಯ ಸೂತ್ರಧಾರಿ, ಅಂದರೆ ದಕ್ಷಿಣ ದಿಕ್ಕಿನ ಶಿಲ್ಪಿ. ಹಾಡುವವರಿಗೆ ಹಿಂದೆ ಇದ್ದ ಹಕ್ಕುಗಳನ್ನು ರಾಣಿ ಮತ್ತೆ ಕೊಡಿಸಿದ ಮಾತೂ ಇಲ್ಲಿನ ಶಾಸನಗಳಲ್ಲಿದೆ. ಕಟ್ಟಿಸಿದವಳು ಕಟ್ಟಿದವನ ಹೆಸರನ್ನು ಮುಚ್ಚಲಿಲ್ಲ. ಪಟ್ಟದಕಲ್ಲಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಶಿಖರದ ಎತ್ತರ ಆಮೇಲೆ.

ಪಾಪನಾಥ ಗುಡಿ ಸ್ವಲ್ಪ ದೂರ, ಬಹಳ ಜನ ಅಲ್ಲಿಯವರೆಗೆ ನಡೆಯುವುದಿಲ್ಲ. ನಡೆಯಬೇಕು. ಅದರ ಹೊರಗೋಡೆಯ ಮೇಲೆ ರಾಮಾಯಣದ ದೃಶ್ಯಗಳ ಸಾಲು ಇದೆ. ಪಾತ್ರಗಳ ಪಕ್ಕದಲ್ಲೇ ಹೆಸರು ಕೆತ್ತಿದ್ದಾರೆ. ಹಳಗನ್ನಡ ಲಿಪಿಯ ಕೆಲವು ಅಕ್ಷರಗಳನ್ನು ಹಿಂದಿನ ರಾತ್ರಿ ಮಾಳಿಗೆಯ ಮೇಲೆ ಟಾರ್ಚ್ ಹಿಡಿದು ಕಲಿತಿದ್ದೆವು. ಹುಡುಗ ಗೋಡೆಯ ಮುಂದೆ ನಿಂತು ‘ರ’ ಎಲ್ಲಿದೆ ಎಂದು ಹುಡುಕಿದ. ಒಂದು ಅಕ್ಷರ ಸಿಕ್ಕರೆ ಒಂದು ಕುಣಿತ. ಹೊತ್ತು ಏರಿದ್ದು ಗೊತ್ತಾಗಲಿಲ್ಲ, ಕಾವಲಿನ ಅಣ್ಣನೇ ಬಂದು “ಬಿಸಲಾತು, ಹುಡುಗರಿಗೆ ನೀರ ಕುಡಸ್ರಿ” ಎಂದ.

ವಿರೂಪಾಕ್ಷನಿಗೆ ಇಂದಿಗೂ ಪೂಜೆಯಿದೆ. ಎದುರಿನ ಮಂಟಪದ ದೊಡ್ಡ ನಂದಿಗೆ ಕೆಂಪು ವಸ್ತ್ರ ಹೊದಿಸಿದ್ದರು. ಹುಡುಗಿ ಕಲ್ಲನ್ನು ಬಿಟ್ಟು ಆ ಬಟ್ಟೆಯ ಅಂಚನ್ನೇ ಬಗ್ಗಿ ನೋಡಿದಳು: “ಚಿಗವ್ವ, ಇದು ಪವರ್‌ಲೂಮ್ ಅಲ್ಲಾ?” ಹೌದು, ಪವರ್‌ಲೂಮಿನದೇ. ಅಷ್ಟು ಗುರುತಿಸುವ ಕಣ್ಣು ಸೋಮವಾರದಿಂದ ಶುಕ್ರವಾರದೊಳಗೆ ಬಂದಿತ್ತು.

ಶನಿವಾರ

ಹಗಲೆಲ್ಲ ಓದು, ನಿದ್ದೆ, ಕಸೂತಿ. ರಾತ್ರಿ ಪಕ್ಕದ ಹಳ್ಳಿಯ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತ.

ನಾರದ ಪಾರಿಜಾತದ ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆಗೆ ಸಿಟ್ಟು. ಕಥೆ ಇಷ್ಟೇ, ಆಟ ಮಾತ್ರ ಬೆಳಗಿನವರೆಗೆ. ಕುಲಗೋಡ ತಮ್ಮಣ್ಣ ಕಟ್ಟಿಕೊಟ್ಟ ಈ ಸಣ್ಣಾಟ ಬೆಳಗಾವಿ, ಬಾಗಲಕೋಟೆ ಸೀಮೆಯ ಮನೆಮಾತು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಇದನ್ನು ಊರೂರಿಗೆ ಮುಟ್ಟಿಸಿದಳು. ಆಯಿಯ ತಲೆಮಾರಿನವರು ಇಂದಿಗೂ ನಿಂಗಮ್ಮನ ಹೆಸರು ಹೇಳುವಾಗ ದನಿ ಏರಿಸುತ್ತಾರೆ. ಗೊಲ್ಲತಿಯ ಮಾತಿಗೆ ಇಡೀ ಜಾತ್ರೆ ನಕ್ಕಿತು. ಕೃಷ್ಣ ಕೊರವಂಜಿಯಾಗಿ ಕಣಿ ಹೇಳಲು ಬರುವ ಹೊತ್ತಿಗೆ ಹುಡುಗ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ, ಹುಡುಗಿ ಕಣ್ಣು ಮಿಟುಕಿಸದೆ ಕೂತಿದ್ದಳು. ಹಾರ್ಮೋನಿಯಂ ನುಡಿಸುತ್ತಿದ್ದ ಅಜ್ಜನ ಬೆರಳುಗಳ ಮೇಲೇ ಅವಳ ಕಣ್ಣು.

ರವಿವಾರ

ಮಲಗಿದ್ದೇ ಆಯಿತು.

ಸೋಮವಾರ, ಇಳಕಲ್

ಅಮೀನಗಡದಲ್ಲಿ ಬಸ್ಸು ಬದಲಿಸಿ, ಕರದಂಟು ಕಟ್ಟಿಸಿಕೊಂಡು ಇಳಕಲ್‌ಗೆ ಹೋದೆವು. ಅಕ್ಕನಿಗೆ ಒಂದು ಸೀರೆ ತರಬೇಕಿತ್ತು. ಅಂಗಡಿಗೆ ಹೋಗುವ ಮುಂಚೆ ಮಗ್ಗದ ಮನೆಗೆ ಹೋಗಬೇಕೆಂದು ಮಕ್ಕಳ ಹಟ, ನನ್ನದೂ.

ಇಳಕಲ್ ಸೀರೆಯ ಗುಟ್ಟು ಒಡಲೂ ಸೆರಗೂ ಕೂಡುವ ಜಾಗದಲ್ಲಿದೆ. ಒಡಲಿನ ಹಾಸೇ ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸೇ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಸೇರಿಸಿ, ಎಳೆ ಎಳೆಗೂ ಹೀಗೆ ಮಾಡಿ ಎರಡನ್ನೂ ಒಂದು ಮಾಡುತ್ತಾರೆ. ತೋಪುತೆನಿ ಎನ್ನುವುದು ಇದಕ್ಕೇ. ಹಾಗಾಗಿ ಹತ್ತು ಸೀರೆಗೆ ಒಟ್ಟಿಗೆ ಹಾಸು ಹಾಕಿ ಕುಳಿತುಬಿಡುವಂತಿಲ್ಲ. ಒಂದೊಂದು ಸೀರೆಗೂ ಒಂದೊಂದು ಹಾಸು. ಅಂಚಿನ ಬಣ್ಣ ಒಡಲಿಗೆ ಹರಿಯದಂತೆ ಮೂರು ಲಾಳಿ ಹಿಡಿದು ಕೊಂಡಿ ಹಾಕುತ್ತ ನೇಯುವ ಹಳೆಯ ಪದ್ಧತಿಗೆ ಇನ್ನೂ ಹೆಚ್ಚಿನ ಹೊತ್ತು ಬೇಕು. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಅದರಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ಅಂಚಿನಲ್ಲಿ ಗೋಮಿ, ಚಿಕ್ಕಿ ಪರಾಸ, ಗಾಡಿ ಎಂದು ಬಗೆಗಳು.

ಮಗ್ಗದ ಅಣ್ಣಾವ್ರು ಮಾತಿನವರು. ಹುಡುಗಿ ಮತ್ತೆ ತನ್ನ ಪ್ರಶ್ನೆ ತೆಗೆದಳು, ಈ ಸಲ ಇಲ್ಲಿನ ನುಡಿಯಲ್ಲೇ: “ಅಂಕಲ್, ನೀವ ನೇಯ್ದದ್ದು ಅಂತ ಯಾರಿಗರ ಗೊತ್ತಾಗ್ತದೇನ್ರಿ?”

“ಸೀರಿ ಮ್ಯಾಲೆ ಹೆಸರ ಬರದ್ರ ಯಾರ್ ಉಟ್ಕೋತಾರವ್ವಾ?” ಎಂದು ನಕ್ಕರು. ಆಮೇಲೆ ಲಾಳಿ ಕೆಳಗಿಟ್ಟು ಅಂಚನ್ನು ತೋರಿಸಿದರು. “ಇಲ್ನೋಡು. ಈ ಕೊಂಡಿ ಬಿಗಿ ಒಬ್ಬೊಬ್ಬರದು ಒಂದೊಂದ್ ನಮೂನಿ. ನಮ್ಮ ಅಪ್ಪಂದು ಇದಕ್ಕಿಂತ ಸಣ್ಣ. ಮಾಲಕರು ಗಂಟು ಬಿಚ್ಚಿ ಕೈಯಾಡಿಸಿ ಹೇಳ್ತಾರ, ಇದು ಇಂಥವನ ಮಗ್ಗದ್ದು ಅಂತ. ಬಲ್ಲವ್ರಿಗೆ ಗೊತ್ತಾಗ್ತದ.”

ಹುಡುಗಿ ಬೆರಳಿನಿಂದ ಅಂಚು ಮುಟ್ಟಿ ನೋಡಿದಳು. ಮುಟ್ಟಿದ್ದು ಒಂದು ಗಳಿಗೆ, ಆದರೂ ಕಸೂತಿ ಎಣಿಸಿದ ಬೆರಳು ಅದು.

ಸೀರೆಗೆ ಅವರು ಹೇಳಿದ ಬೆಲೆ ಕೊಟ್ಟೆವು. ನೀಲಿ ಒಡಲು, ಚಿಕ್ಕಿ ಪರಾಸ ಅಂಚು. ಒಂದು ಸೀರೆಯ ಹಿಂದೆ ಎಷ್ಟು ದಿನ, ಎಷ್ಟು ಕೈ ಎಂದು ಕಣ್ಣಾರೆ ಕಂಡ ಮೇಲೆ ಅಲ್ಲಿ ನಿಂತು ನೂರಿನ್ನೂರು ರೂಪಾಯಿಗೆ ಚೌಕಾಸಿ ಮಾಡಲು ಬಾಯಿ ಬರಬಾರದು. ಬರುವವರಿದ್ದರೆ ದಯವಿಟ್ಟು ಮಾಡಬೇಡಿ.

ಆಗ ಹುಡುಗಿ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಮೇಲೆ ‘ಅಮ್ಮನ ಸೀರೆ’ ಎಂದು ಬರೆದಳು. ಅಣ್ಣಾವ್ರ ಹೆಸರು ಬರೆದಳು. ಅವರು ಒಳಗೆ ಕರೆದು ಹೇಳಿದರು, “ಇಕಿ ಹೆಸರೂ ಬರಕೋ, ತೋಪುತೆನಿ ಕೂಡಿಸಿದಾಕಿ ಇಕೀನ.” ಅಕ್ಕಾವ್ರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ತಮ್ಮ ಹೆಸರು ಹೇಳಿ, “ಕಂಡಿಕಿ ನಮ್ಮತ್ತಿ ಸುತ್ಯಾರವ್ವಾ” ಎಂದರು. ಅತ್ತೆ ಮಂಚದ ಮೇಲಿಂದಲೇ ಇನ್ನೊಂದು ಹೆಸರು ಸೇರಿಸಿದರು: ಗಂಜಿ ಹಾಕಿದ ದಿನ ಹಾಸು ಹಿಡಿಯಲು ಬಂದಿದ್ದ ಪಕ್ಕದ ಮನೆಯ ಹುಡುಗ. ಪುಟ ತುಂಬುತ್ತಿತ್ತು.

“ಬಣ್ಣ ಹಾಕಿದವ್ರು?” ಹುಡುಗ ಕೇಳಿದ.

“ಅವ್ರ ಮನಿ ಹಿಂದಿನ ಓಣ್ಯಾಗ.”

ಅಮೀನಗಡದ ಬಸ್ಸಿಗೆ ಹೊತ್ತಾಗಿತ್ತು. ಸೀರೆಯ ಗಂಟು ಹುಡುಗನ ಕೈಗೆ ಕೊಟ್ಟು, ಮೂವರೂ ಹಿಂದಿನ ಓಣಿಗೆ ಹೋಗಿ ಬಣ್ಣದವರ ಬಾಗಿಲು ತಟ್ಟಿದೆವು.